ಕೊಳವೆಯ ಎರಡು ತುದಿಗಳು: ಸಿ ಭಾಷೆಯಲ್ಲಿ ಪ್ರಕ್ರಿಯೆಗಳ ಜೋಡಣೆ

ಒಂದು ಕಾವ್ಯಕ್ಕೆ ಪದಸೂಚಿಯನ್ನು ಕೈಯಿಂದಲೇ ಸಿದ್ಧಪಡಿಸಿದ ವಿದ್ವಾಂಸರಿಗೆ ಆ ಕೆಲಸದ ಹಂತಗಳನ್ನು ವಿವರಿಸಿ ಹೇಳಬೇಕಾಗಿಲ್ಲ. ಪದ್ಯಗಳನ್ನು ಬಿಡಿಸಿ ಒಂದೊಂದು ಪದವನ್ನೂ ಒಂದೊಂದು ಚೀಟಿಯಲ್ಲಿ ಬರೆಯುವುದು, ಚೀಟಿಗಳನ್ನು ಅಕಾರಾದಿಯಾಗಿ ಅಣಿಗೊಳಿಸುವುದು, ಒಂದೇ ಪದದ ಚೀಟಿಗಳನ್ನು ಒಟ್ಟುಗೂಡಿಸಿ ಎಣಿಸುವುದು, ಎಣಿಕೆಯ ಕ್ರಮದಲ್ಲಿ ಪಟ್ಟಿಯನ್ನು ಬರೆಯುವುದು—ಇವೇ ಆ ಹಂತಗಳು. ನಾಲ್ವರು ಸಹಾಯಕರಿದ್ದರೆ ಒಬ್ಬೊಬ್ಬರಿಗೆ ಒಂದೊಂದನ್ನು ವಹಿಸಿ, ಒಬ್ಬನ ಕೈಯಿಂದ ಹೊರಟ ಚೀಟಿ ಮತ್ತೊಬ್ಬನ ಕೈಗೆ ನೇರವಾಗಿ ಬರುವಂತೆ ಏರ್ಪಡಿಸಬಹುದು. ಗಣಕಯಂತ್ರಗಳ ಯೂನಿಕ್ಸ್ ಎಂಬ ಕಾರ್ಯವ್ಯವಸ್ಥೆಯಲ್ಲಿಯೂ ಅದರ ಮಾದರಿಯನ್ನನುಸರಿಸಿದ ಲಿನಕ್ಸ್ ಮೊದಲಾದ ವ್ಯವಸ್ಥೆಗಳಲ್ಲಿಯೂ ಹೀಗೆ ಕೈಯಿಂದ ಕೈಗೆ ದಾಟಿಸುವ ಸಾಧನಕ್ಕೆ ಪೈಪ್, ಎಂದರೆ ಕೊಳವೆ, ಎಂದು ಹೆಸರು. ಅದನ್ನು ಸಿ ಭಾಷೆಯಲ್ಲಿ ಕಟ್ಟುವ ಕ್ರಮವೇನು, ಅದರ ಮೂಲಕ ಬಂದ ಫಲವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಎರಡು ವಿಷಯಗಳು ಇಲ್ಲಿ ವಿಚಾರಾರ್ಹವಾಗಿವೆ. ಎರಡನೆಯದು ಮೊದಲನೆಯದರೊಳಗೇ ಅಡಗಿದೆ. ಕಟ್ಟುವ ಕ್ರಮವನ್ನು ಅರಿಯದವರಿಗೆ, ಕೈಗೆ ಬಂದ ಪದಸೂಚಿ ಪೂರ್ಣವಾದುದೋ, ಗ್ರಂಥದ ಅರ್ಧಕ್ಕೇ ನಿಂತುಹೋದುದೋ ಎಂಬುದು ಕಣ್ಣಿಗೆ ಕಾಣುವುದಿಲ್ಲ.

ಕೊಳವೆಯ ಕಲ್ಪನೆ ಯೂನಿಕ್ಸಿಗಿಂತಲೂ ಹಳೆಯದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಡಗ್ಲಸ್ ಮೆಕಿಲ್‌ರಾಯ್ ಎಂಬವರು ೧೯೬೪ನೆಯ ಅಕ್ಟೋಬರ್ ೧೧ರಂದು ಬರೆದ ಒಂದು ಟಿಪ್ಪಣಿಯಲ್ಲಿ, ತೋಟಕ್ಕೆ ನೀರುಣಿಸುವ ಕೊಳವೆಗೆ ಬೇಕಾದಾಗ ಇನ್ನೊಂದು ತುಂಡನ್ನು ತಿರುಪಿ ಸೇರಿಸುವಂತೆ ಪ್ರೋಗ್ರಾಮುಗಳನ್ನೂ ಒಂದಕ್ಕೊಂದು ಕೂಡಿಸುವ ಉಪಾಯವಿರಬೇಕೆಂಬ ಆಶಯವನ್ನು ಸೂಚಿಸಿದ್ದರು. ಅದು ಎಂಟೊಂಬತ್ತು ವರ್ಷಗಳ ಕಾಲ ಆಶಯವಾಗಿಯೇ ಉಳಿಯಿತು. ಬಳಿಕ ಅದೇ ಪ್ರಯೋಗಾಲಯದ ಕೆನ್ ಥಾಂಪ್ಸನ್ ಅದನ್ನು ಯೂನಿಕ್ಸಿನೊಳಗೆ ಅಳವಡಿಸಿದರು. ೧೯೭೩ರ ಫೆಬ್ರವರಿಯಲ್ಲಿ ಹೊರಬಂದ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ಪೈಪ್ ಎಂಬ ಕರೆಯ ವಿವರಣೆಯು ಮೊದಲು ಕಾಣಬರುವುದು. ಎರಡು ಆಜ್ಞೆಗಳ ನಡುವೆ ಇಂದು ಬರೆಯುವ ನೆಟ್ಟನೆಯ ಗೆರೆ ಅದೇ ವರ್ಷದ ಮುಂದಿನ ಆವೃತ್ತಿಯ ಕಾಲಕ್ಕೆ ಬಂದುದು. ಅದಕ್ಕೆ ಮುಂಚೆ, ಫಲವನ್ನು ಕಡತಕ್ಕೆ ಕಳುಹಿಸುವ ಬಾಣದಂತಹ ಚಿಹ್ನೆಯನ್ನೇ ಇದಕ್ಕೂ ಬಳಸುತ್ತಿದ್ದರು. ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್ ಎಂಬ ಭಾಗವನ್ನು ಡೆನ್ನಿಸ್ ರಿಚಿಯವರ ಸಿ ಭಾಷೆಯಲ್ಲಿ ತಿರುಗಿ ಬರೆದುದು ೧೯೭೩ರ ಬೇಸಗೆಯಲ್ಲಿ. ಆದುದರಿಂದ ಕೊಳವೆಯು ಸಿ ಭಾಷೆಯ ಸಂತಾನವೆಂದು ಭಾವಿಸಲಾಗದು. ಅದು ಹೊಸ ಮನೆಗೆ ಹಳೆಯ ಮನೆಯಿಂದ ಬಂದ ಸಾಮಾನು.

ಕೊಳವೆಗೆ ಮೊದಲು ಇದ್ದ ಕ್ರಮವೇನೆಂದರೆ, ಮೊದಲನೆಯ ಪ್ರೋಗ್ರಾಮಿನ ಫಲವನ್ನು ಒಂದು ತಾತ್ಕಾಲಿಕ ಕಡತದಲ್ಲಿ ಬರೆದಿಟ್ಟು, ಅದು ಮುಗಿದ ಮೇಲೆ ಎರಡನೆಯದಕ್ಕೆ ಓದಲು ಕೊಡುವುದು. ಈ ಕ್ರಮ ಈಗಲೂ ರೂಢಿಯಿಂದ ಹೋಗಿಲ್ಲ. ಅದರಲ್ಲಿ ಸ್ಥಳವೂ ಕಾಲವೂ ವ್ಯಯವಾಗುವುದು ನಿಜ. ಆದರೆ ಕಡತಕ್ಕೆ ಒಂದು ಗುಣವುಂಟು. ಸಂದೇಹ ಬಂದಾಗ ಅದನ್ನು ತೆರೆದು ಕೊನೆಯ ಪಂಕ್ತಿಯವರೆಗೂ ಬಂದಿದೆಯೇ ಎಂದು ನೋಡಬಹುದು. ಕೊಳವೆಯಲ್ಲಿ ಹರಿದುದು ಹರಿದುಹೋಯಿತು. ಅದರ ಗುರುತು ಎಲ್ಲಿಯೂ ಉಳಿಯದು.

ಇನ್ನು ಕಟ್ಟುವ ಕ್ರಮ. ಪ್ರೋಗ್ರಾಂ ಬೇರೆ, ಪ್ರಕ್ರಿಯೆ ಬೇರೆ ಎಂಬ ಭೇದವನ್ನು ಮೊದಲು ಗ್ರಹಿಸಬೇಕು. ಒಂದೇ ಭಾರತವನ್ನು ಎರಡು ಊರುಗಳಲ್ಲಿ ಇಬ್ಬರು ಗಮಕಿಗಳು ಓದುತ್ತಿದ್ದರೆ ಗ್ರಂಥವು ಒಂದೇ, ವಾಚನಗಳು ಎರಡು. ಅದರಂತೆ ಬರೆದಿಟ್ಟ ಆಜ್ಞೆಗಳ ಸಮೂಹ ಪ್ರೋಗ್ರಾಂ. ಅದು ನಡೆಯುತ್ತಿರುವಾಗ ಪ್ರಕ್ರಿಯೆ. ಒಂದು ಪ್ರಕ್ರಿಯೆಯ ಸ್ಮೃತಿಯನ್ನು ಇನ್ನೊಂದು ಮುಟ್ಟಲಾರದು. ಕರ್ನಲ್ ಅವುಗಳ ನಡುವೆ ಗೋಡೆಯನ್ನು ಕಟ್ಟಿರುವುದು. ಹೊರಗಿನೊಡನೆ ವ್ಯವಹರಿಸಲು ಪ್ರತಿಯೊಂದು ಪ್ರಕ್ರಿಯೆಗೂ ಅಂಕೆ ಹಾಕಿದ ಬಾಗಿಲುಗಳ ಒಂದು ಸಾಲುಂಟು. ಸೊನ್ನೆಯ ಬಾಗಿಲಿನಿಂದ ಓದುವುದು, ಒಂದರಿಂದ ಬರೆಯುವುದು, ಎರಡರಿಂದ ದೋಷಗಳನ್ನು ವರದಿಮಾಡುವುದು ಎಂಬುದು ರೂಢಿ. ಸೊನ್ನೆಯ ಹಿಂದೆ ಇರುವುದು ಕೀಲಿಮಣೆಯೋ, ಕಡತವೋ, ಕೊಳವೆಯೋ ಎಂಬುದನ್ನು ಪ್ರೋಗ್ರಾಂ ವಿಚಾರಿಸಬೇಕಾಗಿಲ್ಲ. ಜೋಡಣೆಯೆಲ್ಲ ನಿಂತಿರುವುದು ಈ ನಿರ್ಲಕ್ಷ್ಯದ ಮೇಲೆಯೇ.

ಸಿ ಭಾಷೆಯಲ್ಲಿ ಎರಡು ಪೂರ್ಣಾಂಕಗಳಿಗೆ ಸ್ಥಳವಿರುವ ಒಂದು ಸಾಲನ್ನು ಒದಗಿಸಿ ಪೈಪ್ ಎಂಬ ಕರೆಯನ್ನು ಮಾಡಿದರೆ, ಕರ್ನಲ್ ತನ್ನಲ್ಲಿ ಒಂದು ಕೊಳವೆಯನ್ನು ನಿರ್ಮಿಸಿ ಎರಡು ಬಾಗಿಲುಗಳ ಅಂಕೆಗಳನ್ನು ಆ ಸಾಲಿನಲ್ಲಿ ಬರೆದುಕೊಡುವುದು. ಮೊದಲನೆಯದು ಓದುವ ತುದಿ, ಎರಡನೆಯದು ಬರೆಯುವ ತುದಿ. ಇವು ಸೊನ್ನೆ ಮತ್ತು ಒಂದು ಎಂಬ ರೂಢಿಯ ಕ್ರಮವನ್ನೇ ಅನುಸರಿಸಿರುವುದರಿಂದ ನೆನಪಿನಲ್ಲಿಡುವುದು ಸುಲಭ. ಬೇರೆ ಯಾವ ಬಾಗಿಲೂ ತೆರೆದಿಲ್ಲದಿದ್ದರೆ ಮೂರು, ನಾಲ್ಕು ಎಂಬ ಅಂಕೆಗಳು ದೊರೆಯುವುವು. ಕರೆ ವಿಫಲವಾದರೆ ಋಣ ಒಂದು ಎಂಬ ಉತ್ತರ ಬರುವುದು. ಈಗ ಒಂದೇ ಪ್ರಕ್ರಿಯೆಯ ಬಳಿ ಎರಡು ತುದಿಗಳೂ ಇವೆ; ತಾನು ಬರೆದುದನ್ನು ತಾನೇ ಓದಿಕೊಳ್ಳಬಹುದು, ಅಷ್ಟೆ. ಕೊಳವೆಗೆ ಹೆಸರಿಲ್ಲದ ಕಾರಣ ಅನ್ಯರು ಅದನ್ನು ಹುಡುಕಿಕೊಂಡು ಬರುವ ದಾರಿಯೂ ಸಾಮಾನ್ಯವಾಗಿ ಇಲ್ಲ.

ಇಲ್ಲಿ ಫೋರ್ಕ್ ಎಂಬ ಕರೆ ನೆರವಿಗೆ ಬರುವುದು. ಅದನ್ನು ಮಾಡಿದ ಪ್ರಕ್ರಿಯೆ ಎರಡಾಗುವುದು. ಹಳೆಯದಕ್ಕೆ ತಾಯಿ ಎಂದೂ ಹೊಸದಕ್ಕೆ ಮಗು ಎಂದೂ ವ್ಯವಹಾರ. ಎರಡೂ ಒಂದೇ ಪಂಕ್ತಿಯಿಂದ ಮುಂದುವರಿಯುವುವು. ಮಗುವಿಗೆ ಸೊನ್ನೆ, ತಾಯಿಗೆ ಮಗುವಿನ ಅಂಕೆ, ಉತ್ತರವಾಗಿ ಬರುವುದರಿಂದ ತಾನು ಯಾರೆಂಬುದು ಅವಕ್ಕೆ ತಿಳಿಯುವುದು. ಮುಖ್ಯವಾದುದೆಂದರೆ, ತಾಯಿಯಲ್ಲಿ ತೆರೆದಿದ್ದ ಬಾಗಿಲುಗಳೆಲ್ಲ ಮಗುವಿಗೆ ಪಿತ್ರಾರ್ಜಿತದಂತೆ ಬರುವುವು. ಪೈಪ್ ಕರೆಯನ್ನು ಫೋರ್ಕಿಗೆ ಮೊದಲೇ ಮಾಡಬೇಕೆಂಬ ನಿಯಮಕ್ಕೆ ಇದೇ ಕಾರಣ. ಮಗು ಹುಟ್ಟಿದ ಮೇಲೆ ಕಟ್ಟಿದ ಕೊಳವೆ ಮಗುವಿಗೆ ಸೇರದು.

ಎರಡು ಮಕ್ಕಳನ್ನು ಹುಟ್ಟಿಸಿದ ಬಳಿಕ, ಬರೆಯುವ ಮಗು ಡೂಪ್-೨ ಎಂಬ ಕರೆಯಿಂದ ತನ್ನ ಒಂದನೆಯ ಬಾಗಿಲನ್ನು ಕೊಳವೆಯ ಬರೆಯುವ ತುದಿಗೆ ತಿರುಗಿಸುವುದು. ಓದುವ ಮಗು ತನ್ನ ಸೊನ್ನೆಯ ಬಾಗಿಲನ್ನು ಓದುವ ತುದಿಗೆ ತಿರುಗಿಸುವುದು. ಆಮೇಲೆ ಎರಡೂ ಮೂರನೆಯ ಮತ್ತು ನಾಲ್ಕನೆಯ ಅಂಕೆಗಳನ್ನು ಮುಚ್ಚಿ, ಎಕ್ಸೆಕ್ ಎಂಬ ಕರೆಯಿಂದ ತಂತಮ್ಮ ಪ್ರೋಗ್ರಾಮುಗಳನ್ನು ಮೈಮೇಲೆ ಬರಿಸಿಕೊಳ್ಳುವುವು. ಎಕ್ಸೆಕ್ ಆದಾಗ ಹಳೆಯ ಪ್ರೋಗ್ರಾಂ ಅಳಿದುಹೋಗುವುದು, ಬಾಗಿಲುಗಳು ಮಾತ್ರ ಉಳಿಯುವುವು. ಪದಗಳನ್ನು ವಿಂಗಡಿಸುವ ಪ್ರೋಗ್ರಾಂ ತಾನು ಕೊಳವೆಯಿಂದ ಓದುತ್ತಿರುವೆನೆಂದು ಅರಿಯದೆ ಓದುವುದು ಹೀಗೆ. ಜೋಡಿಸಲ್ಪಟ್ಟ ಎರಡಕ್ಕೂ ಪರಸ್ಪರ ಪರಿಚಯವಿಲ್ಲ; ಪರಿಚಯವುಳ್ಳವಳು ತಾಯಿ ಒಬ್ಬಳೇ.

ಆ ತಾಯಿ ಮಾಡಬೇಕಾದ ಕೆಲಸ ಇನ್ನೊಂದಿದೆ. ಹೊಸಬರು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ. ಕೊಳವೆಯನ್ನು ಓದುತ್ತಿರುವವನಿಗೆ ಮುಗಿಯಿತೆಂಬ ಸೂಚನೆ ಬರುವುದು, ಅದು ಬರಿದಾಗಿ, ಅದರ ಬರೆಯುವ ತುದಿಯನ್ನು ಹಿಡಿದಿರುವವರು ಒಬ್ಬರೂ ಉಳಿಯದೆ ಇದ್ದಾಗ ಮಾತ್ರ. ಬರೆದವನು ಬರೆದು ಮುಗಿಸಿ ಹೊರಟುಹೋದರೂ, ತಾಯಿ ತನ್ನ ಬಳಿಯ ನಾಲ್ಕನೆಯ ಬಾಗಿಲನ್ನು ಮುಚ್ಚದೆ ಇದ್ದರೆ, ಕರ್ನಲಿನ ಲೆಕ್ಕದಲ್ಲಿ ಬರೆಯಬಲ್ಲವಳು ಒಬ್ಬಳು ಉಳಿದೇ ಇದ್ದಾಳೆ. ಓದುವ ಮಗು ಇನ್ನೂ ಏನೋ ಬರಬಹುದೆಂದು ಕಾಯುವುದು. ತಾಯಿ ಆ ಮಗುವು ಮುಗಿಸಲೆಂದು ಕಾಯುವಳು. ಓದುವ ಮಗುವೇ ತನ್ನ ಪಾಲಿಗೆ ಬಂದ ಬರೆಯುವ ತುದಿಯನ್ನು ಮುಚ್ಚಲು ಮರೆತರೆ ಸ್ಥಿತಿ ಇನ್ನೂ ವಿಚಿತ್ರ: ಅದು ತನ್ನಿಂದಲೇ ಬರಬಹುದಾದ ಮಾತಿಗಾಗಿ ತಾನೇ ಕಾಯುತ್ತ ಕುಳಿತಿರುವುದು. ಎರಡೂ ಸಂದರ್ಭಗಳಲ್ಲಿ ಯಾವ ದೋಷವೂ ವರದಿಯಾಗುವುದಿಲ್ಲ, ಯಂತ್ರವು ಸುಮ್ಮನಿರುವುದು. ಆದಕಾರಣ ಕೊಳವೆಯ ಪ್ರೋಗ್ರಾಮಿನಲ್ಲಿ ತೆರೆಯುವ ಕರೆ ಒಂದಾದರೆ ಮುಚ್ಚುವ ಕರೆಗಳು ಆರು: ತಾಯಿಯಲ್ಲಿ ಎರಡು, ಮಕ್ಕಳಲ್ಲಿ ಎರಡೆರಡು. ಕೊಳವೆಗಳು ಐದಾದಾಗ ಹತ್ತು ತುದಿಗಳ ಲೆಕ್ಕವನ್ನಿಡಬೇಕಾಗುವುದು. ಒಂದು ಕೊಳವೆಯ ಇಬ್ಬರೂ ಹುಟ್ಟಿದೊಡನೆ ಅದರ ತುದಿಗಳನ್ನು ತಾಯಿ ಮುಚ್ಚುತ್ತ ಹೋಗುವುದು ಉತ್ತಮವಾದ ಪದ್ಧತಿ.

ಕೊಳವೆಯ ಹೊಟ್ಟೆ ಸಣ್ಣದು. ಮೊದಲ ಯೂನಿಕ್ಸುಗಳಲ್ಲಿ ಅದು ೪೦೯೬ ಬೈಟುಗಳನ್ನು ಹಿಡಿಯುತ್ತಿತ್ತು; ಇಂದಿನ ಲಿನಕ್ಸಿನಲ್ಲಿ ಸಾಮಾನ್ಯವಾಗಿ ೬೫೫೩೬. ಅದು ತುಂಬಿದರೆ ಬರೆಯುವವನು ನಿಲ್ಲಬೇಕು, ಬರಿದಾದರೆ ಓದುವವನು ನಿಲ್ಲಬೇಕು. ವಾಚಕನು ಪದ್ಯವನ್ನೋದಿ ವ್ಯಾಖ್ಯಾನಕಾರನಿಗೆ ಎಡೆಗೊಡುವಂತೆ ಇಲ್ಲಿಯೂ ವೇಗಗಳು ತಾವಾಗಿಯೇ ಹೊಂದಿಕೊಳ್ಳುವುವು. ಮಿತಿಯಿಲ್ಲದ ಗ್ರಂಥವನ್ನು ಮಿತವಾದ ಸ್ಮೃತಿಯಲ್ಲಿ ಹರಿಯಿಸಲು ಸಾಧ್ಯವಾಗುವುದು ಇದರಿಂದಲೇ. ಪರಂತು ಎರಡು ಪ್ರಕ್ರಿಯೆಗಳು ಎರಡು ಕೊಳವೆಗಳಿಂದ ಪರಸ್ಪರ ಮಾತನಾಡತೊಡಗಿದರೆ, ಎರಡೂ ಏಕಕಾಲದಲ್ಲಿ ಬರೆಯುತ್ತ, ಎರಡು ಕೊಳವೆಗಳೂ ತುಂಬಿ, ಇಬ್ಬರೂ ನಿಂತುಬಿಡುವ ಸಂಭವವುಂಟು. ಸಣ್ಣ ಪಾಠದಿಂದ ಪರೀಕ್ಷಿಸಿದಾಗ ಸರಿಯಾಗಿ ನಡೆದು, ದೊಡ್ಡ ಗ್ರಂಥವನ್ನು ಕೊಟ್ಟಾಗ ಮಾತ್ರ ನಿಲ್ಲುವ ಪ್ರೋಗ್ರಾಮಿನಲ್ಲಿ ಮೊದಲು ಶಂಕಿಸಬೇಕಾದುದು ಇದನ್ನೇ.

ಕೊಳವೆಯಲ್ಲಿ ಹರಿಯುವುದು ಬೈಟುಗಳೇ ಹೊರತು ಅಕ್ಷರಗಳಲ್ಲ. ಇಂಗ್ಲಿಷಿನ ಮಟ್ಟಿಗೆ ಒಂದು ಅಕ್ಷರಕ್ಕೆ ಒಂದು ಬೈಟು ಸಾಕಾಗುವುದರಿಂದ ಈ ಭೇದ ಮರೆತುಹೋದರೂ ಬಾಧಕವಿಲ್ಲ. ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಯುಟಿಎಫ್-೮ ಎಂಬ ಬರವಣಿಗೆಯಲ್ಲಿ ಮೂರು ಬೈಟುಗಳು ಬೇಕು. ‘ಕನ್ನಡ’ ಎಂಬ ಮಾತಿನಲ್ಲಿ ಎರಡು ನಕಾರಗಳನ್ನು ಕೂಡಿಸುವ ವಿರಾಮಚಿಹ್ನವೂ ಸೇರಿ ಐದು ಸಂಕೇತಗಳು, ಹದಿನೈದು ಬೈಟುಗಳು. ೪೦೯೬ನ್ನು ಮೂರರಿಂದ ಭಾಗಿಸಿದರೆ ೧೩೬೫ ಬಂದು ಒಂದು ಶೇಷ ಉಳಿಯುವುದು. ಎಂದರೆ ೪೦೯೬ ಬೈಟುಗಳಂತೆ ಓದುವ ಪ್ರೋಗ್ರಾಮಿಗೆ ಅಕ್ಷರವೊಂದು ಒಂದು ಓದಿನ ಕೊನೆಗೂ ಮುಂದಿನ ಓದಿನ ಮೊದಲಿಗೂ ಹಂಚಿಹೋಗುವುದು ಸಾಮಾನ್ಯ. ಅಷ್ಟೇ ಅಲ್ಲ, ಓದುವ ಕರೆಯು ಕೇಳಿದಷ್ಟನ್ನೂ ಕೊಡುವುದೆಂಬ ಭರವಸೆಯಿಲ್ಲ. ಆಗ ಕೊಳವೆಯಲ್ಲಿ ಎಷ್ಟಿದೆಯೋ ಅಷ್ಟನ್ನು ಕೊಡುವುದು. ಬಂದ ತುಂಡನ್ನೇ ಪೂರ್ಣಪದವೆಂದು ಎಣಿಸಿದ ಪ್ರೋಗ್ರಾಂ ಗ್ರಂಥದಲ್ಲಿಲ್ಲದ ಪದಗಳನ್ನು ಸೃಷ್ಟಿಸುವುದು. ಮುರಿದ ಅಕ್ಷರವನ್ನು ಗುರುತಿಸುವುದೇನೋ ಕಷ್ಟವಲ್ಲ: ಪ್ರತಿ ಅಕ್ಷರದ ಮೊದಲ ಬೈಟೇ ಹಿಂದೆ ಎಷ್ಟು ಬೈಟುಗಳು ಬರಬೇಕೆಂಬುದನ್ನು ಸಾರುವುದು. ಈ ಬರವಣಿಗೆಯನ್ನು ೧೯೯೨ರಲ್ಲಿ ರಾಬ್ ಪೈಕ್ ಅವರೊಡಗೂಡಿ ರೂಪಿಸಿದವರು ಕೊಳವೆಯನ್ನು ಕಟ್ಟಿದ ಕೆನ್ ಥಾಂಪ್ಸನ್ನರೇ ಎಂಬುದು ಗಮನಾರ್ಹ.

ಇವೆಲ್ಲವೂ ಕೂಡಿಬರುವ ಪ್ರಸಿದ್ಧವಾದ ಉದಾಹರಣೆಯೊಂದಿದೆ. ಒಂದು ಗ್ರಂಥದಲ್ಲಿ ಅತಿಶಯವಾಗಿ ಪ್ರಯೋಗವಾದ ಪದಗಳನ್ನು ಅವುಗಳ ಸಂಖ್ಯೆಯೊಡನೆ ಪಟ್ಟಿಮಾಡುವ ಪ್ರೋಗ್ರಾಮನ್ನು ಬರೆದುಕೊಡಬೇಕೆಂದು ಜಾನ್ ಬೆಂಟ್ಲಿಯವರು ಡೊನಾಲ್ಡ್ ನೂಥರನ್ನು ಕೇಳಿಕೊಂಡಿದ್ದರು. ನೂಥರ ಪ್ರೋಗ್ರಾಂ ವ್ಯಾಖ್ಯಾನಸಹಿತವಾಗಿ ಹಲವು ಪುಟಗಳನ್ನು ವ್ಯಾಪಿಸಿ ೧೯೮೬ರಲ್ಲಿ ಅಚ್ಚಾಯಿತು. ಅದರೊಡನೆಯೇ ವಿಮರ್ಶೆಯನ್ನು ಬರೆದ ಮೆಕಿಲ್‌ರಾಯರು, ಅದೇ ಕೆಲಸವನ್ನು ಆರು ಸಿದ್ಧ ಆಜ್ಞೆಗಳನ್ನು ಐದು ಕೊಳವೆಗಳಿಂದ ಕೂಡಿಸಿ ಮಾಡಿ ತೋರಿಸಿದರು. ಮೊದಲನೆಯದು ಅಕ್ಷರವಲ್ಲದುದನ್ನೆಲ್ಲ ಪಂಕ್ತಿಭೇದವಾಗಿ ಮಾರ್ಪಡಿಸುವುದು, ಎರಡನೆಯದು ದೊಡ್ಡಕ್ಷರಗಳನ್ನು ಚಿಕ್ಕವಾಗಿಸುವುದು, ಮೂರನೆಯದು ವಿಂಗಡಿಸುವುದು, ನಾಲ್ಕನೆಯದು ಪುನರುಕ್ತಿಗಳನ್ನೆಣಿಸಿ ಒಂದಾಗಿಸುವುದು, ಐದನೆಯದು ಎಣಿಕೆಯ ಇಳಿಮೊಗದಲ್ಲಿ ಮತ್ತೆ ವಿಂಗಡಿಸುವುದು, ಆರನೆಯದು ಕೇಳಿದಷ್ಟು ಪಂಕ್ತಿಗಳನ್ನು ಮುದ್ರಿಸಿ ನಿಲ್ಲಿಸುವುದು. ಒಂದೊಂದು ಪ್ರೋಗ್ರಾಮೂ ಬೇರೆ ಯಾವುದೋ ಉದ್ದೇಶಕ್ಕಾಗಿ ಹುಟ್ಟಿದುದು. ಚೀಟಿಗಳಿಂದ ಕೆಲಸ ಮಾಡುವವರ ಹಂತಗಳೇ ಇವು ಎಂಬುದನ್ನು ವಾಚಕರು ಗಮನಿಸಿರಬಹುದು.

ಇದನ್ನು ಇದ್ದ ಹಾಗೆಯೇ ಕನ್ನಡಕ್ಕೆ ಅನ್ವಯಿಸಿದರೆ ದೊರೆಯುವುದು ಶೂನ್ಯ. ಮೊದಲನೆಯ ಆಜ್ಞೆಯಲ್ಲಿ ಅಕ್ಷರಗಳೆಂದರೆ ಇಂಗ್ಲಿಷಿನ ಇಪ್ಪತ್ತಾರು ಮಾತ್ರ. ಕನ್ನಡದ ಗ್ರಂಥವೆಲ್ಲವೂ ಅದರ ದೃಷ್ಟಿಯಲ್ಲಿ ಪದಗಳ ನಡುವಣ ತೆರಪು. ಅದರ ಬದಲು ತೆರಪು, ಅಲ್ಪವಿರಾಮ ಮೊದಲಾದುವನ್ನು ಹೆಸರಿಸಿ ಪಂಕ್ತಿಭೇದವಾಗಿಸಬೇಕು. ಅವು ಒಂದೊಂದೇ ಬೈಟಿನವಾದುದರಿಂದಲೂ ಆ ಬೈಟುಗಳು ಕನ್ನಡ ಅಕ್ಷರಗಳೊಳಗೆ ಎಂದೂ ಬಾರವಾದುದರಿಂದಲೂ ಹಾನಿಯಿಲ್ಲ. ಪದ್ಯದ ಕೊನೆಯ ದಂಡಕ್ಕಾದರೋ ಈ ಉಪಾಯ ಸಲ್ಲದು. ದಂಡವೂ ಮೂರು ಬೈಟಿನದು. ಅದರ ಮೊದಲ ಬೈಟೂ ಕನ್ನಡ ಅಕ್ಷರಗಳೆಲ್ಲದರ ಮೊದಲ ಬೈಟೂ ಒಂದೇ. ಲಿನಕ್ಸಿನಲ್ಲಿ ಬಹುವಾಗಿ ಬಳಕೆಯಲ್ಲಿರುವ, ಬೈಟುಗಳನ್ನು ಮಾತ್ರ ಬಲ್ಲ ಆಜ್ಞೆಗೆ ದಂಡವನ್ನು ತೆಗೆಯಹೇಳಿದರೆ ಅದು ಗ್ರಂಥವನ್ನೇ ಪುಡಿಮಾಡುವುದು. ದಂಡವನ್ನು ಅಖಂಡವಾದ ಮೂರು ಬೈಟುಗಳ ಸಾಲೆಂದು ನೋಡುವ ಬೇರೊಂದು ಪ್ರೋಗ್ರಾಮನ್ನು ಅಲ್ಲಿ ನಿಲ್ಲಿಸಬೇಕು. ದೊಡ್ಡಕ್ಷರ ಚಿಕ್ಕಕ್ಷರಗಳ ಭೇದ ಕನ್ನಡದಲ್ಲಿಲ್ಲವಾದುದರಿಂದ ಎರಡನೆಯ ಹಂತವನ್ನು ಬಿಡಬಹುದು.

ಇನ್ನುಳಿದುದು ನಂಬಿಕೆಯ ವಿಷಯ. ಬರೆಯುವ ತುದಿಗಳೆಲ್ಲ ಮುಚ್ಚಿದಾಗ ಓದುವವನಿಗೆ ಮುಗಿಯಿತೆಂಬ ಸೂಚನೆ ಬರುವುದೆಂದು ಹಿಂದೆ ಹೇಳಿದೆಯಷ್ಟೆ. ಪ್ರಕ್ರಿಯೆಯು ಸತ್ತರೂ ಅದರ ಬಾಗಿಲುಗಳನ್ನು ಕರ್ನಲ್ ಮುಚ್ಚುವುದು. ಸ್ಮೃತಿ ಸಾಲದೆಯೋ, ಕಡತದ ನಡುವೆ ಓದಲಾಗದ ಭಾಗ ಬಂದೋ ಮೊದಲನೆಯ ಪ್ರೋಗ್ರಾಂ ಅರ್ಧದಲ್ಲಿ ಅಳಿದರೆ, ಎರಡನೆಯದಕ್ಕೆ ತಲಪುವ ಸೂಚನೆ ಗ್ರಂಥವು ಕ್ರಮವಾಗಿ ಮುಗಿದಾಗ ತಲಪುವ ಸೂಚನೆಯೇ. ಎರಡಕ್ಕೂ ಎಳ್ಳಷ್ಟೂ ಭೇದವಿಲ್ಲ. ವಿಂಗಡಿಸುವ ಪ್ರೋಗ್ರಾಂ ಬಂದಷ್ಟನ್ನು ನಿಷ್ಠೆಯಿಂದ ವಿಂಗಡಿಸುವುದು, ಮುಂದಿನವು ಎಣಿಸುವುವು, ಕೊನೆಗೆ ಸುಂದರವಾದ ಪಟ್ಟಿ ಹೊರಬರುವುದು. ಹತ್ತು ಪರ್ವಗಳ ಗ್ರಂಥದಲ್ಲಿ ಆರು ಪರ್ವಗಳ ಎಣಿಕೆಯನ್ನು ಮಾತ್ರ ಆಧರಿಸಿ, ಇಂತಹ ಪದವನ್ನು ಕವಿ ಪ್ರಯೋಗಿಸಿಯೇ ಇಲ್ಲವೆಂದು ವಿದ್ವಾಂಸರೊಬ್ಬರು ನಿರ್ಣಯಿಸಿದರೆ, ಆ ತಪ್ಪಿನ ಗುರುತು ಪಟ್ಟಿಯಲ್ಲಿ ಎಲ್ಲಿಯೂ ಸಿಕ್ಕದು. ಪ್ರಕಟವಾಗಿ ಬಾಳುವ ತಪ್ಪುಗಳಲ್ಲಿ ಇದು ಕೆಟ್ಟ ಜಾತಿಯದು.

ಕೊಳವೆಯು ಹೇಳದ ಈ ಸಂಗತಿಯನ್ನು ತಿಳಿಯಬಲ್ಲವಳು ತಾಯಿ ಮಾತ್ರ. ಸತ್ತ ಪ್ರತಿಯೊಂದು ಪ್ರಕ್ರಿಯೆಯೂ ಒಂದು ಅಂಕವನ್ನು ಬಿಟ್ಟುಹೋಗುವುದು. ಸೊನ್ನೆಯಾದರೆ ಕೆಲಸ ಕೈಗೂಡಿತೆಂದೂ ಮತ್ತೊಂದಾದರೆ ಕೆಟ್ಟಿತೆಂದೂ ಸಂಕೇತ. ತಾಯಿ ವೇಟ್ ಎಂಬ ಕರೆಯಿಂದ ಅದನ್ನು ಪಡೆಯುವವರೆಗೂ ಕರ್ನಲ್ ಆ ಮೃತನ ಹೆಸರನ್ನು ತನ್ನ ಪಟ್ಟಿಯಲ್ಲಿ ಇಟ್ಟುಕೊಂಡಿರುವುದು. ಇಂಗ್ಲಿಷಿನವರು ಇದಕ್ಕೆ ಜಾಂಬಿ ಎಂದು ಹೆಸರಿಟ್ಟಿದ್ದಾರೆ. ಉತ್ತರಕ್ರಿಯೆಯಾಗದ ಪ್ರೇತವೆಂದರೆ ಭಾವವು ಇನ್ನೂ ಸ್ಫುಟವಾದೀತು. ತಾಯಿ ಕೊನೆಯ ಮಗುವಿನ ಅಂಕವನ್ನು ಮಾತ್ರ ನೋಡಿ ತೃಪ್ತಳಾಗುವ ಪದ್ಧತಿಯೇ ಹೆಚ್ಚು ಪ್ರಚಾರದಲ್ಲಿದೆ. ಆಜ್ಞೆಗಳನ್ನು ಸ್ವೀಕರಿಸುವ ಶೆಲ್ ಎಂಬ ಪ್ರೋಗ್ರಾಂ ಕೂಡ ಸ್ವಭಾವತಃ ಹಾಗೆಯೇ ಮಾಡುವುದು. ಎಲ್ಲರ ಅಂಕಗಳನ್ನೂ ಪರಿಗಣಿಸೆಂದು ಶೆಲ್ಲಿಗೆ ಹೇಳುವ ಪೈಪ್‌ಫೇಲ್ ಎಂಬ ಆಯ್ಕೆ ಕೆಲವು ಶೆಲ್ಲುಗಳಲ್ಲಿ ಬಹಳ ಹಿಂದೆಯೇ ಇದ್ದರೂ, ಪಾಸಿಕ್ಸ್ ಎಂಬ ಸಾಮಾನ್ಯ ಪ್ರಮಾಣಸೂತ್ರದಲ್ಲಿ ಅದಕ್ಕೆ ಸ್ಥಾನ ದೊರೆತುದು ೨೦೨೪ರ ಆವೃತ್ತಿಯಲ್ಲಿ.

ಆ ಆಯ್ಕೆಯೂ ಕಣ್ಣುಮುಚ್ಚಿ ನಂಬತಕ್ಕುದಲ್ಲ. ಓದುವವನು ಹೊರಟುಹೋದ ಕೊಳವೆಗೆ ಬರೆಯಹೋದ ಪ್ರಕ್ರಿಯೆಯನ್ನು ಕರ್ನಲ್ ಸಿಗ್‌ಪೈಪ್ ಎಂಬ ಹದಿಮೂರನೆಯ ಸಂಜ್ಞೆಯಿಂದ ಕೊಲ್ಲುವುದು. ಕೇಳುವವರಿಲ್ಲದ ಮೇಲೆ ಬರೆಯುವುದು ವ್ಯರ್ಥವಷ್ಟೆ. ಮೆಕಿಲ್‌ರಾಯರ ಆರನೆಯ ಆಜ್ಞೆ ಕೇಳಿದಷ್ಟು ಪಂಕ್ತಿಗಳಾದೊಡನೆ ಹೊರಟುಹೋಗುವುದು. ಉಳಿದ ಪಂಕ್ತಿಗಳು ಕೊಳವೆಯಲ್ಲಿ ಹಿಡಿಸದಷ್ಟಿದ್ದರೆ ಐದನೆಯದು ಆ ಸಂಜ್ಞೆಯಿಂದ ಸಾಯುವುದು. ಬ್ಯಾಷ್ ಎಂಬ ಶೆಲ್ ಅದನ್ನು ೧೨೮ಕ್ಕೆ ೧೩ನ್ನು ಕೂಡಿಸಿ ೧೪೧ ಎಂಬ ಅಂಕದಿಂದ ವಿಫಲತೆಯೆಂದು ವರದಿಮಾಡುವುದು. ಫಲವೇನೋ ಸರಿಯಾಗಿಯೇ ಇರುವುದು. ಆದುದರಿಂದ ಸಿ ಭಾಷೆಯಲ್ಲಿ ಸ್ವಂತವಾಗಿ ಜೋಡಿಸುವವರು ಪ್ರತಿಯೊಬ್ಬರ ಅಂಕವನ್ನೂ ಅವರವರ ಸ್ಥಾನಕ್ಕೆ ತಕ್ಕಂತೆ ಅಳೆಯಬೇಕು. ವಿಂಗಡಿಸುವ ಪ್ರೋಗ್ರಾಂ ತನಗೆ ಬರುವ ಕೊನೆಯ ಪಂಕ್ತಿಯನ್ನು ಓದುವವರೆಗೆ ಒಂದು ಪಂಕ್ತಿಯನ್ನೂ ಹೊರಗೆ ಬಿಡಲಾರದು, ಏಕೆಂದರೆ ಆ ಕೊನೆಯದೇ ಪಟ್ಟಿಯಲ್ಲಿ ಮೊದಲನೆಯದಾಗಬಹುದು. ಹೀಗಾಗಿ ಐದನೆಯದು ಬರೆಯತೊಡಗುವ ಹೊತ್ತಿಗೆ ಮೊದಲ ನಾಲ್ಕು ತಮ್ಮ ಬರವಣಿಗೆಯನ್ನು ಮುಗಿಸಿಯೇ ಇರುವುವು. ಅವುಗಳಲ್ಲಿ ಯಾವುದಾದರೂ ಸೊನ್ನೆಯಲ್ಲದ ಅಂಕವನ್ನು ಬಿಟ್ಟಿದ್ದರೆ, ಸಂಜ್ಞೆಯಿಂದ ಸತ್ತಿದ್ದರೆ, ಪಟ್ಟಿಯನ್ನು ತಿರಸ್ಕರಿಸತಕ್ಕುದು. ಐದನೆಯದು ಸೊನ್ನೆಯಿಂದಲಾದರೂ ಹದಿಮೂರನೆಯ ಸಂಜ್ಞೆಯಿಂದಲಾದರೂ ಮುಗಿಯಬಹುದು. ಆರನೆಯದು ಸೊನ್ನೆಯಿಂದಲೇ ಮುಗಿಯಬೇಕು.